ಇಬ್ಬರ ಟ್ಯಾಂಕು

ಮೊನ್ನೆ ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯಲ್ಲಿ ಒಬ್ಬ ಹುಡುಗಿ ಗಸಗಸೆಯ ಪೊಟ್ಟಣವನ್ನು ಬೆಳಕಿಗೆ ಹಿಡಿದು, ಇದು ಒಳ್ಳೆಯದೋ ಕೆಟ್ಟದ್ದೋ ಹೇಗೆ ಗೊತ್ತಾಗುತ್ತೆ ಎಂದು ಫೋನಿನಲ್ಲಿ ತನ್ನ ಅಮ್ಮನನ್ನು ಕೇಳುತ್ತಿದ್ದಳು. ನಾನು ನನ್ನ ಪಾಡಿಗೆ ಹುಣಿಸೆಹಣ್ಣು ತೆಗೆದುಕೊಂಡು ಹೋಗಬೇಕಿತ್ತು. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. "ಪಾಯಸಕ್ಕೆ ಪರವಾಗಿಲ್ಲಮ್ಮ. ರಿವೆಟ್ಟಿಗೆ ಆಗಲ್ಲ, ಕಾಳು ದಪ್ಪ ಆಯ್ತು" ಅಂದುಬಿಟ್ಟೆ. ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಾಪ, ನಕ್ಕಳು. ಆಮೇಲೆ ಮೆಲ್ಲಗೆ ಬೇಳೆಕಾಳಿನ ಸಾಲಿಗೆ ಸರಿದುಹೋದಳು.

ಅವಳ ತಪ್ಪೇನೂ ಇಲ್ಲ ಬಿಡಿ. ಗಸಗಸೆ ಅಂದರೆ ಜನರಿಗೆ ಪಾಯಸ ನೆನಪಾಗುತ್ತದೆ, ಪಾಯಸ ಕುಡಿದ ಮೇಲಿನ ನಿದ್ದೆ ನೆನಪಾಗುತ್ತದೆ. ನನಗೆ ಯುದ್ಧದ ಟ್ಯಾಂಕು ನೆನಪಾಗುತ್ತದೆ. ನಮ್ಮ ಮನೆಯ ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಅಂಗೈಯಷ್ಟುದ್ದದ ಒಂದು ಟ್ಯಾಂಕು ನಿಂತಿದೆ. ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದವರು, ಇದೇನ್ರೀ ರಾಜ ರಾಣಿ ಮಧ್ಯೆ ಫಿರಂಗಿ ಎಂದು ಕೇಳುತ್ತಾರೆ. ನಾನು ಏನೋ ಒಂದು ಹೇಳಿ ಅವರ ಕೈಗೆ ಗುಗ್ಗರಿ ಕೊಡುತ್ತೇನೆ. ಅದರ ಹಿಂಭಾಗದಲ್ಲಿ ಎಂಜಿನ್ ಶುರು ಮಾಡುವ ಹ್ಯಾಂಡಲ್ ಇರಬೇಕು, ಇಲ್ಲ. ಯಾಕಿಲ್ಲ ಎಂದು ಇದುವರೆಗೆ ಯಾರೂ ಕೇಳಿಲ್ಲ. ನೀವೂ ಕೇಳುತ್ತಿರಲಿಲ್ಲ, ನಾನೇ ಹೇಳುತ್ತಿದ್ದೇನೆ.

ನಮ್ಮನೆಯವರ ಹೆಸರು ನಾಗರಾಜ್. ಹೆಸರು ಹಿಡಿದು ಬರೆಯಲು ಈಗಲೂ ಕಸಿವಿಸಿ, ಹಾಗಾಗಿ ಇವರು ಎಂದೇ ಬರೆಯುತ್ತೇನೆ. ಇವರು ಎಂದು ತೋರಿಸಲು ಪಕ್ಕದಲ್ಲಿ ಈಗ ಯಾರೂ ಕೂತಿಲ್ಲ, ಅದು ಬೇರೆ ಮಾತು. ಇವರಿಗೆ ಇದ್ದದ್ದು ಒಂದೇ ಹುಚ್ಚು. ಅಂಗಡಿಯಲ್ಲಿ ಡಬ್ಬಿ ಸಿಗುತ್ತದೆ, ಅದರೊಳಗೆ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಅಂಟಿಕೊಂಡಿರುವ ತುಂಡುಗಳು. ಬಿಡಿಸಿ, ಅಂಟಿಸಿ, ಬಣ್ಣ ಬಳಿದರೆ ಒಂದು ಟ್ಯಾಂಕು. ಅಷ್ಟಕ್ಕೇ ಮುಗಿದಿದ್ದರೆ ಅದು ಭಾನುವಾರದ ಕೆಲಸ. ಇವರು ಡಬ್ಬಿ ತೆಗೆದ ಕೂಡಲೇ ಅದರಲ್ಲಿ ಅರ್ಧದಷ್ಟು ತುಂಡುಗಳನ್ನು, ಥೂ, ಇದೇನು ಬೆಲ್ಲದಚ್ಚಿನ ಹಾಗಿದೆ ಎಂದು ಕಸದ ಬುಟ್ಟಿಗೆ ಹಾಕುವರು. ಆಮೇಲೆ ಅದೇ ತುಂಡುಗಳನ್ನು, ಅದೇ ಸಲಾಕೆ, ಅದೇ ಹಿಡಿಕೆ, ಟ್ಯಾಂಕಿನ ಮೈಗೆ ಕಟ್ಟುವ ಅದೇ ಗುದ್ದಲಿಯನ್ನು ತಂತಿ, ಕಾಗದ, ಪ್ಲಾಸ್ಟಿಕ್ ಹಾಳೆಗಳಿಂದ ತಾವೇ ಮಾಡುವರು. ಇದಕ್ಕೆ ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರಂತೆ. ಹಾಗಾದರೆ ಅಂಗಡಿಯ ಹಪ್ಪಳ ಬಿಟ್ಟು ನಾನು ಮನೆಯಲ್ಲಿ ಲಟ್ಟಿಸುತ್ತೇನಲ್ಲ, ಅದಕ್ಕೂ ಅದೇ ಹೆಸರಾ ಎಂದು ಕೇಳಿದ್ದೆ. ಇವರು ಗಂಭೀರವಾಗಿ ಹೌದು ಎಂದರು.

"ಚೆನ್ನಾಗಿ ಕಾಣೋದು ಬೇಡ ಸರೂ, ನಿಜ ಕಾಣ್ಬೇಕು" ಎನ್ನುವುದು ಇವರ ಮಂತ್ರ. ಈ ಮಂತ್ರಕ್ಕೆ ಬಲಿಯಾದದ್ದು ನನ್ನ ಅಡುಗೆಮನೆ ಮತ್ತು ದೇವರಮನೆ. ಊದುಬತ್ತಿಯ ಕಡ್ಡಿ ಪಿಕಾಸಿಯ ಕಾವಾಯಿತು. ಚಾಕೊಲೇಟ್ ಸುತ್ತಿದ ಬೆಳ್ಳಿ ಕಾಗದ ಕತ್ತರಿಸಿ ಅದನ್ನು ಕಟ್ಟುವ ಬೆಲ್ಟು ಮಾಡಿದರು. ಪ್ಲಾಸ್ಟಿಕ್ ಕಡ್ಡಿಯನ್ನು ಬೆಂಕಿಗೆ ಹಿಡಿದು ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಅದಕ್ಕೆ ಮೇಣದಬತ್ತಿ ಇಲ್ಲವೆಂದು ನಾನು ಹಚ್ಚಿಟ್ಟ ದೇವರ ದೀಪಕ್ಕೇ ಹಿಡಿದು ಎಳೆಯುತ್ತಿದ್ದರು. ನಾನು ಮಂಗಳಾರತಿ ಎತ್ತಿದೆ, ದೇವರಿಗಲ್ಲ. ಆಮೇಲೆ ಒಂದು ಪ್ರತ್ಯೇಕ ಹಣತೆ ಕೊಟ್ಟೆ.

ನಾನು ಕಸೂತಿ ಹಾಕಿದರೆ ನವಿಲು ಕೋಳಿಯಾಗುವ ಪೈಕಿ. ಮೈಸೂರಿನಲ್ಲಿ ಸ್ಕೂಲಿನ ಟೀಚರು ನನ್ನ ಹೊಲಿಗೆಯ ಬಟ್ಟೆ ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದ್ದರು, ಹೀಗೆ ಹಾಕಬಾರದು ಎಂದು. ಆದರೆ ಬತ್ತಿ ಹೊಸೆಯುವುದು ಬರುತ್ತಿತ್ತು. ಅಜ್ಜಿಯ ಪಕ್ಕ ಕೂತು, ಹತ್ತಿಯ ಎಳೆಯನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಒಂದು ಸಲ ಉಜ್ಜಿದರೆ ಬತ್ತಿ. ಬೆರಳಿಗೆ ಚೂರು ವಿಭೂತಿ ಹಚ್ಚಿಕೊಂಡರೆ ಎಳೆ ಜಾರುವುದಿಲ್ಲ. ಟ್ಯಾಂಕಿನ ಹಗ್ಗಕ್ಕೆಂದು ಇವರು ದಾರ ತಿರುಚಿ ತಿರುಚಿ ಒದ್ದಾಡುವುದನ್ನು ನೋಡಲಾರದೆ ಒಂದು ದಿನ ನಾನೇ ಹತ್ತಿಯ ಡಬ್ಬಿ ತಂದು ಕೂತೆ. ಎರಡು ಬತ್ತಿ ಹೊಸೆದು, ಎರಡನ್ನೂ ಸೇರಿಸಿ ಇನ್ನೊಮ್ಮೆ ಹೊಸೆದು ಕೊಟ್ಟೆ. ಇವರು ಭೂತಗನ್ನಡಿಯಲ್ಲಿ ನೋಡಿ, ನೋಡಿ, ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಮದುವೆಯಾದಾಗಲೂ ಹಾಗೆ ನೋಡಿರಲಿಲ್ಲ.

ಆಗಿನ ಕಾಲ ನಿಮಗೆ ನೆನಪಿದೆಯೋ ಇಲ್ಲವೋ. ಬೇ ಏರಿಯಾದಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಡಾಟ್ ಕಾಮು, ಸ್ಟಾಕ್ ಆಪ್ಷನ್ನು. ಹುಳಿ ಬಡಿಸುತ್ತಾ ಒಬ್ಬರು, ನಮ್ಮ ಕಂಪನಿ ಮುಂದಿನ ತಿಂಗಳು ಪಬ್ಲಿಕ್ ಆಗ್ತಿದೆ ಎನ್ನುವರು. ಮಜ್ಜಿಗೆ ಹೊತ್ತಿಗೆ ಇನ್ನೊಬ್ಬರು ರಿಟೈರ್ ಆಗುವ ಮಾತಾಡುವರು. ಇವರ ಆಫೀಸು ಎಮರಿವಿಲ್‌ನಲ್ಲಿತ್ತು, ಒಂದು ಹಳೇ ಗೋಡೌನಿನಲ್ಲಿ. ನಾಯಿ ತರಬಹುದಿತ್ತು, ಸೋಡಾ ಪುಕ್ಕಟೆ. ಎಲ್ಲರೂ ನಾಳೆ ಏನಾಗುತ್ತೆ ಎಂದು ಮಾತಾಡುವಾಗ ಇವರು ನನ್ನ ಕಿವಿಯಲ್ಲಿ, ಗುದ್ದಲಿಯ ಅಲಗಿಗೆ ಬಿಯರ್ ಡಬ್ಬದ ತಗಡು ಆಗುತ್ತಾ ಎಂದು ಕೇಳುತ್ತಿದ್ದರು. ನಮಗೆ ಮಕ್ಕಳಿರಲಿಲ್ಲ. ಮೊದಮೊದಲು ಜನ ಕೇಳುತ್ತಿದ್ದರು, ಆಮೇಲೆ ಕೇಳುವುದು ಬಿಟ್ಟರು. ಮನೆಯಲ್ಲಿ ನಾವಿಬ್ಬರೇ, ಒಂದು ಊಟದ ಮೇಜು, ಅದರ ಮುಕ್ಕಾಲು ಭಾಗ ಟ್ಯಾಂಕಿನದು.

ಈಗ ಹೇಳುತ್ತಿರುವ ಟ್ಯಾಂಕು ಫ್ರೆಂಚರದು, ಮೊದಲ ಮಹಾಯುದ್ಧದ್ದು, ತೀರಾ ಪುಟ್ಟದು. ನೋಡಲು ಬಾಲ ಇರುವ ಟ್ರಂಕಿನ ಹಾಗೆ. ದೊಡ್ಡ ದೊಡ್ಡ ಟ್ಯಾಂಕುಗಳಿರುವಾಗ ಇದ್ಯಾಕೆ ಎಂದು ಕೇಳಿದೆ. ಇದರಲ್ಲಿ ಇಬ್ಬರೇ ಕೂರುವುದು, ಅದಕ್ಕೆ ಎಂದರು. ಮುಂದೆ ಡ್ರೈವರು, ಅವನ ಬೆನ್ನ ಹಿಂದೆ ಕಮಾಂಡರು. ಎಂಜಿನ್ನಿನ ಗಲಾಟೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಡ್ರೈವರಿಗೆ ಕಾಣುವುದು ಎದುರಿನ ಒಂದು ಸಣ್ಣ ಸೀಳು. ಹಾಗಾಗಿ ಕಮಾಂಡರ್ ಕಾಲಲ್ಲಿ ಒದ್ದು ಹೇಳುತ್ತಿದ್ದನಂತೆ. ಬೆನ್ನಿಗೆ ಒದ್ದರೆ ಮುಂದಕ್ಕೆ ಹೋಗು, ಎಡ ಭುಜಕ್ಕೆ ಒದ್ದರೆ ಎಡಕ್ಕೆ, ಬಲ ಭುಜಕ್ಕೆ ಬಲಕ್ಕೆ. ತಲೆಯ ಮೇಲೆ ಕಾಲಿಟ್ಟರೆ ನಿಲ್ಲು.

ಯಾವ ಗಂಡ ಹೆಂಡತಿ ಕಾರಿನಲ್ಲಿ ಹೋಗುವಾಗ ಕಂಡುಹಿಡಿದದ್ದೋ ಎಂದೆ. ಆಗ ನಾನು ಹೊಸದಾಗಿ ಡ್ರೈವಿಂಗ್ ಕಲಿತು 880 ಫ್ರೀವೇಯಲ್ಲಿ ಲಾರಿಗಳ ಮಧ್ಯೆ ಪ್ರಾಣ ಕೈಯಲ್ಲಿ ಹಿಡಿದು ಹೋಗುತ್ತಿದ್ದೆ, ಇವರು ಪಕ್ಕದಲ್ಲಿ ಕೂತು ಲೆಫ್ಟು, ಲೆಫ್ಟು ಎಂದು ಕೂಗುತ್ತಿದ್ದರು. ಒದೆಯೊಂದು ಬಾಕಿ. ಸುಮ್ಮನಿರಲಾರದೆ ಇನ್ನೊಂದು ಪ್ರಶ್ನೆ ಕೇಳಿದೆ. "ಹಿಂದಿರೋನು ಸತ್ತೋದ್ರೆ ಮುಂದಿರೋನಿಗೆ ಹೇಗ್ರೀ ಗೊತ್ತಾಗತ್ತೆ?"

"ಒದೆ ಬರೋದು ನಿಲ್ಲತ್ತೆ, ಅಷ್ಟೆ" ಎಂದರು, ಅಂಟು ಹಚ್ಚುತ್ತಾ.

ಆ ಟ್ಯಾಂಕಿನ ಮೈತುಂಬ ರಿವೆಟ್ಟು, ತಗಡು ಜೋಡಿಸುವ ಗುಂಡುತಲೆಯ ಮೊಳೆಗಳು. ಡಬ್ಬಿಯಲ್ಲಿ ಬಂದವು ಚಪ್ಪಟೆಯಾಗಿವೆ ಎಂದು ಇವರು ಒಂದೊಂದನ್ನೂ ಕೆರೆದು ತೆಗೆದರು. ಹೊಸದಾಗಿ ಮಾಡಲು ಪ್ಲಾಸ್ಟಿಕ್ ಕಡ್ಡಿಯನ್ನು ಬ್ಲೇಡಿನಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಬೇಕು, ಒಂದು ಕತ್ತರಿಸಿದರೆ ಮೂರು ಹಾರಿಹೋಗುತ್ತವೆ. ಗಸಗಸೆ ಹಾಕಿ ನೋಡಿ ಎಂದವಳು ನಾನು. ನಕ್ಕರು, ನಕ್ಕು ಹಾಕಿ ನೋಡಿದರು, ಆಮೇಲೆ ನಗಲಿಲ್ಲ. ಬಣ್ಣ ಬಳಿದರೆ ಸಾಕ್ಷಾತ್ ರಿವೆಟ್ಟೇ. ಚುಕ್ಕಿ ಇಟ್ಟು ರಂಗೋಲಿ ಹಾಕಿ ಬೆಳೆದವಳಿಗೆ ಸಾಲು ತಪ್ಪದ ಹಾಗೆ ಕೂರಿಸುವುದೇನು ಮಹಾ. ಇಬ್ಬರೂ ಎದುರೆದುರು ಕೂತು ಇಡೀ ಒಂದು ಪಕ್ಕ ಮುಗಿಸಿದೆವು. ಮರುದಿನ ಮಳೆ. ಇಲ್ಲಿ ಮಳೆ ಬಂದರೆ ಇರುವೆ ಮನೆಯೊಳಗೆ ಬರುತ್ತದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ನೋಡಿದರೆ ಟ್ಯಾಂಕಿನಿಂದ ಕಿಟಕಿಯವರೆಗೆ ಒಂದು ಮೆರವಣಿಗೆ, ಪ್ರತಿ ಇರುವೆಯ ಬಾಯಲ್ಲೂ ಒಂದೊಂದು ರಿವೆಟ್ಟು. ಬಣ್ಣ ಬಳಿಯುವ ಮೊದಲೇ ಬಿಟ್ಟು ಮಲಗಿದ್ದೆವು. ಇವರು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಯುದ್ಧದಲ್ಲಿ ಯಾರಿಗೂ ಆಗದ ಕೆಲಸ ಇರುವೆ ಮಾಡಿತು ಎಂದರು. ಇವರು ಹಾಗೆ ನಕ್ಕದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಕೊನೆ.

ಯಾಕೆಂದರೆ ಅದೇ ಚಳಿಗಾಲದಲ್ಲಿ ಇವರ ಕೈಯಿಂದ ಚಿಮಟ ಬೀಳಲು ಶುರುವಾಯಿತು. ಹೊಸದಾಗಿ ಗಸಗಸೆ ಕೂರಿಸಲು ಹೋದರೆ ಬಲಗೈ ಹೆಬ್ಬೆರಳು ಒತ್ತುತ್ತಲೇ ಇರಲಿಲ್ಲ. ಕಾಫಿ ಜಾಸ್ತಿಯಾಗಿದೆ ಎಂದು ನಾನು ಕಾಫಿ ಕಡಿಮೆ ಮಾಡಿದೆ. ಆಫೀಸಿನಲ್ಲಿ ಟೈಪು ಮಾಡಿ ಮಾಡಿ ಹೀಗಾಗಿದೆ ಎಂದು ಇವರು ಕೈಗೆ ಪಟ್ಟಿ ಕಟ್ಟಿಕೊಂಡರು. ಆಗ ಎಲ್ಲರ ಕೈಯಲ್ಲೂ ಅಂಥದೊಂದು ಪಟ್ಟಿ ಇತ್ತು, ಯಾರಿಗೂ ಏನೂ ಅನ್ನಿಸಲಿಲ್ಲ. ಒಂದು ದಿನ ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ಕನ್ನಡಿಯ ಮುಂದೆ ನಿಂತಿದ್ದರು. ನಾನು ಹಾಕಿದೆ.

ಓಕ್ಲ್ಯಾಂಡಿನ ಆಸ್ಪತ್ರೆಗೆ ನಾನೇ ಕಾರು ಓಡಿಸಿಕೊಂಡು ಹೋದೆ. ಇವರು ಪಕ್ಕದಲ್ಲಿ ಕೂತು ಲೆಫ್ಟು ರೈಟು ಎನ್ನಲಿಲ್ಲ, ಬಂದರಿನ ಕ್ರೇನುಗಳನ್ನು ನೋಡುತ್ತಿದ್ದರು. ಡಾಕ್ಟರು ವಯಸ್ಸಾದ ಹೆಂಗಸು, ಒಳ್ಳೆಯವರು. ಮೆದುಳಿನ ಮಾತನ್ನು ಸ್ನಾಯುಗಳಿಗೆ ತಲುಪಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ, ಮೊದಲು ಕೈ, ಆಮೇಲೆ ನಾಲಿಗೆ, ಕಾಲು, ಕಡೆಗೆ ಉಸಿರು, ಔಷಧಿ ಇಲ್ಲ ಎಂದರು. ಬುದ್ಧಿ ಮಾತ್ರ ಕಡೆಯವರೆಗೂ ನಿಚ್ಚಳವಾಗಿರುತ್ತದೆ ಎಂದೂ ಹೇಳಿದರು. ಅದನ್ನು ಒಳ್ಳೆಯ ಸುದ್ದಿಯ ಹಾಗೆ ಹೇಳಿದರು. ನನಗೆ ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಬೆನ್ನುಮೂಳೆಯನ್ನು ಎತ್ತಿ ಎಸೆಯೋಣ ಅನ್ನಿಸಿತು. ಇವರು ಆ ಬೆನ್ನುಮೂಳೆಯನ್ನೇ ನೋಡುತ್ತಿದ್ದರು. ಹೊರಗೆ ಬಂದ ಮೇಲೆ, ಅದರ ಕೀಲುಗಳು ಸ್ವಲ್ಪವೂ ನಿಜ ಕಾಣಲ್ಲ ಎಂದರು.

ಎಮರಿವಿಲ್‌ನ ಆಫೀಸಿಗೆ ಬೀಗ ಬೀಳುವ ಹೊತ್ತಿಗೆ ಇವರ ಎರಡೂ ಕೈ ಮಡಿಲಲ್ಲಿ ಬಿದ್ದಿದ್ದವು. ಆ ವರ್ಷ ನಮ್ಮ ಬೀದಿಯಲ್ಲಿ ಬಾಡಿಗೆ ಟ್ರಕ್ಕುಗಳು ಬಂದು ನಿಂತು ಒಂದೊಂದೇ ಮನೆ ಖಾಲಿಯಾಯಿತು. ಜನ ಕೆಲಸ ಹೋಯಿತೆಂದು ಅಳುತ್ತಿದ್ದರು, ನನಗೆ ಅವರ ಕಷ್ಟ ಕಿವಿಗೇ ಬೀಳುತ್ತಿರಲಿಲ್ಲ. ನನಗಿದ್ದದ್ದು ಒಂದೇ ಚಿಂತೆ. ಇವರಿಗೆ ದಿನವಿಡೀ ಏನು ಮಾಡಿಸಲಿ? ಟಿವಿ ಬೇಡ, ಪುಸ್ತಕದ ಹಾಳೆ ನಾನು ತಿರುಗಿಸಬೇಕು. ಕಡೆಗೆ ಇವರೇ, "ಸರೂ, ಟ್ಯಾಂಕು ಮುಗಿಸೋಣ. ಕೈ ನಿಂದು, ತಲೆ ನಂದು" ಎಂದರು.

ಅಲ್ಲಿಂದ ಶುರುವಾಯಿತು ನಮ್ಮ ಮಹಾಯುದ್ಧ. ಒರಗುಕುರ್ಚಿಯಲ್ಲಿ ಇವರು, ಇವರ ಕಾಲ ಬಳಿ ಕಾರ್ಪೆಟ್ಟಿನ ಮೇಲೆ, ಇವರಿಗೆ ಬೆನ್ನು ಮಾಡಿ ನಾನು. ನನ್ನ ಮುಂದೆ ತಗ್ಗಿನ ಮೇಜು. ನಾನು ಮಾಡುತ್ತಿರುವುದು ಕಾಣಲಿ ಎಂದು ಕ್ಯಾಮ್‌ಕಾರ್ಡರನ್ನು ಟಿವಿಗೆ ಸಿಕ್ಕಿಸಿದ್ದೆವು. ಜೀರಿಗೆಯಷ್ಟು ತುಂಡು ಟಿವಿಯಲ್ಲಿ ಸೌತೆಕಾಯಿಯಷ್ಟಾಗಿ ಕಾಣುತ್ತಿತ್ತು, ನನ್ನ ತಪ್ಪುಗಳೂ ಹಾಗೆಯೇ. ಇವರು ಬಯ್ಯುವರು, ನಾನು ಚಿಮಟ ಎಸೆದು ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುವೆ. ಹಿಂದಕ್ಕೆ ಬಂದು ಕೂತರೆ ಅದೇ ಜಾಗದಿಂದ ಬೈಗುಳ ಮುಂದುವರಿಯುವುದು. ತಂತಿಯನ್ನು ಸೂಜಿಗೆ ಸುತ್ತಿ, ಕತ್ತರಿಸಿ, ಒಂದೊಂದೇ ಕೊಂಡಿ ಸೇರಿಸಿ ಒಂದು ಗೇಣು ಸರಪಳಿ ಮಾಡುವಷ್ಟರಲ್ಲಿ ನಾನು ಇವರ ಮನೆತನವನ್ನೆಲ್ಲ ಜಾಲಾಡಿದ್ದೆ. ಸರಪಳಿ ಮುಗಿದಾಗ ಇವರು ಬಹಳ ಹೊತ್ತು ಟಿವಿ ನೋಡಿ, ನಿಜ ಕಾಣ್ತಿದೆ ಎಂದರು. ಆ ಎರಡು ಪದ ಹೇಳಲು ಇವರಿಗೆ ತುಂಬಾ ಹೊತ್ತು ಹಿಡಿಯಿತು. ನಾಲಿಗೆ ಆಗಲೇ ತೊಡರುತ್ತಿತ್ತು.

ಬರಬರುತ್ತಾ ಇವರ ಮಾತು ನನಗೊಬ್ಬಳಿಗೇ ಅರ್ಥವಾಗುವ ಹಾಗಾಯಿತು, ಆಮೇಲೆ ನನಗೂ ಅರ್ಧಕ್ಕರ್ಧ. ಹೌದು ಎನ್ನಲು ಕಣ್ಣು ಮೇಲೆತ್ತುವುದು, ಬೇಡ ಎನ್ನಲು ಮುಚ್ಚುವುದು ಎಂದು ಮಾಡಿಕೊಂಡೆವು. ಆದರೆ ಕೆಲಸ ಮಾಡುವಾಗ ನನ್ನ ಬೆನ್ನು ಇವರ ಕಡೆಗೆ. ಪ್ರತಿ ಸಲ ತಿರುಗಿ ಕಣ್ಣು ನೋಡಿದರೆ ಚಿಮಟದಲ್ಲಿದ್ದದ್ದು ಕಾರ್ಪೆಟ್ಟಿಗೆ ಬೀಳುತ್ತದೆ, ಬಿದ್ದದ್ದು ಸಿಕ್ಕುವುದಿಲ್ಲ. ಕಾಲಿನಲ್ಲಿ ಆಗ ಇನ್ನೂ ಸ್ವಲ್ಪ ಜೀವವಿತ್ತು. ನಾನೇ ಹೇಳಿದೆ, ಆ ಫ್ರೆಂಚ್ ಕಮಾಂಡರನ ಹಾಗೆ ಮಾಡಿ ಎಂದು.

ಒಪ್ಪಲಿಲ್ಲ ನೋಡಿ. ಇವರು ದೇವರು ದಿಂಡಿರು ಎಂದು ತಲೆ ಕೆಡಿಸಿಕೊಂಡವರಲ್ಲ. ಆದರೆ ಗೊತ್ತಿಲ್ಲದೆ ಯಾರಿಗಾದರೂ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಮುಂದೆ ಹೋಗುತ್ತಿರಲಿಲ್ಲ. ಟ್ರೇನಿನಲ್ಲಿ ಪಕ್ಕದ ಅಮೆರಿಕನ್ನಿಗೆ ಕಾಲು ತಾಗಿ, ಅವನ ಮೊಣಕಾಲು ಮುಟ್ಟಿ ನಮಸ್ಕಾರ ಮಾಡಿ, ಅವನು ಗಾಬರಿಯಾಗಿ ಎದ್ದು ಬೇರೆ ಸೀಟಿಗೆ ಹೋದದ್ದುಂಟು. ಬೇಕೆಂದೇ ಹೆಂಡತಿಗೆ ಕಾಲು ತಗುಲಿಸುವುದು ಇವರಿಂದ ಆಗುವ ಮಾತಲ್ಲ. ನಾನು ಬಿಡಲಿಲ್ಲ. ಟ್ಯಾಂಕು ಹೀಗೇ ಬಿದ್ದಿರಲಿ ಹಾಗಾದರೆ ಎಂದೆ. ಕಡೆಗೆ, ಒಂದೊಂದೇ ಅಕ್ಷರ ಹೊರಕ್ಕೆ ತಳ್ಳುತ್ತಾ, ಒಪ್ಪಿದರು. ಬೆನ್ನು, ಎಡ ಭುಜ, ಬಲ ಭುಜ, ಅಷ್ಟೆ.

"ತಲೆಗ್ ಮಾತ್ರ ಇಡಲ್ಲ" ಎಂದರು.

"ಮತ್ತೆ ನಿಲ್ಲು ಅನ್ನೋಕೇನ್ ಮಾಡ್ತೀರಿ?"

"ನಿಲ್ಲೋದೇ ಬೇಡ ಬಿಡು."

ಇವರು ಪೂರ್ತಿ ವಾಕ್ಯ ಆಡಿದ್ದು ಹೆಚ್ಚುಕಡಿಮೆ ಅದೇ ಕೊನೆ.

ಕಾಲಿನ ಕೆಳಗೆ ದಿಂಬಿಟ್ಟು, ಅದು ನನ್ನ ಭುಜದ ಮಟ್ಟಕ್ಕೆ ಬರುವ ಹಾಗೆ ಮಾಡಿಕೊಂಡೆ. ಒದೆ ಎಂದರೆ ಒದೆಯಲ್ಲ, ಹೆಬ್ಬೆರಳು ತಾಗುವುದು. ಎಡಕ್ಕೆ ತಾಗಿದರೆ ತುಂಡನ್ನು ಎಡಕ್ಕೆ ಸರಿಸು. ಬೆನ್ನಿಗೆ ಒತ್ತಿದರೆ ಸರಿ, ಅಂಟಿಸು, ಮುಂದಕ್ಕೆ ಹೋಗು. ಇವರ ಬೈಗುಳ ಕೇಳಿ ಕೇಳಿ ರೂಢಿಯಾಗಿದ್ದವಳಿಗೆ ಆ ಮೌನ ಮೊದಮೊದಲು ಅಸಹನೀಯವಾಗುತ್ತಿತ್ತು. ನಾನೇ ಇವರ ಪರವಾಗಿ ನನ್ನನ್ನು ಬೈದುಕೊಳ್ಳುತ್ತಿದ್ದೆ. ಅಯ್ಯೋ ಕಣ್ಣಿಲ್ವೇನೇ ನಿಂಗೆ, ಸೊಟ್ಟ ಕೂತಿದೆ ನೋಡು ಎನ್ನುತ್ತಿದ್ದೆ. ಬೆನ್ನಿಗೆ ಬೆರಳು ಒತ್ತುವುದು. ನಮ್ಮಿಬ್ಬರ ಸಂಸಾರದಲ್ಲಿ ಜಗಳವಿಲ್ಲದೆ ನಡೆದ ಕೆಲಸ ಅದೊಂದೇ.

ಅಷ್ಟರಲ್ಲಿ ಹಾಸನದಿಂದ ಅತ್ತೆ ಬಂದರು. ಮೊದಲ ಸಲ ವಿಮಾನ ಹತ್ತಿದವರು, ಮಗನನ್ನು ನೋಡಿ ಬಾಗಿಲಲ್ಲೇ ಕೂತುಬಿಟ್ಟರು. ಒಂದೆರಡು ದಿನ ಕಳೆದ ಮೇಲೆ, ಸ್ನಾನ ಮುಗಿಸಿ ಹಾಲಿಗೆ ಬಂದವರಿಗೆ ಕಂಡದ್ದು, ನೆಲದ ಮೇಲೆ ಕೂತ ಸೊಸೆಯ ಭುಜದ ಮೇಲೆ ಮಗನ ಕಾಲು. "ಏನ್ ನಾಗೂ ಇದು, ಹೆಂಡ್ತಿಗೆ ಕಾಲ್ ತಾಗಿಸ್ತೀಯಲ್ಲೋ" ಎಂದು ಕಾಲನ್ನು ಎತ್ತಿ ಬದಿಗಿಟ್ಟರು. ನಾನು ಚಿಮಟ ಕೆಳಗಿಟ್ಟು ಎಲ್ಲ ವಿವರಿಸಿದೆ, ಬೆನ್ನು, ಭುಜ, ಇವರು ಬೇಡವೆಂದ ತಲೆ, ಎಲ್ಲ. ಅತ್ತೆ ಕೇಳಿಸಿಕೊಂಡು ಕಾಲನ್ನು ತಿರುಗಿ ದಿಂಬಿನ ಮೇಲಿಟ್ಟರು. ಸೋಫಾದ ಮೇಲೆ ಕೂತು ಹತ್ತಿ ತೆಗೆದುಕೊಂಡು ಬತ್ತಿ ಹೊಸೆಯುತ್ತಾ ನಮ್ಮಿಬ್ಬರನ್ನೂ ನೋಡುತ್ತಿದ್ದರು.

ಸಂಜೆ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಾ ಹೇಳಿದರು. "ಸರೋಜಾ, ಕಾಲ್ ತಾಗಿಸಿದಾಗೆಲ್ಲಾ ಅವ್ನು ಒಂದ್ಸಲ ಕಣ್ಮುಚ್ಚಿ ಬಿಡ್ತಾನೆ ಕಣಮ್ಮ. ನಮಸ್ಕಾರ ಮಾಡ್ತಾವ್ನೆ. ಕೈ ಬರಲ್ವಲ್ಲ."

ನಾನು ಬೆನ್ನು ಮಾಡಿ ಕೂತವಳು. ಇಷ್ಟು ದಿನ ನನಗೆ ಅದು ಗೊತ್ತೇ ಇರಲಿಲ್ಲ. ಹುರುಳಿಕಾಯಿ ಅಲ್ಲೇ ಬಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಮರುದಿನದಿಂದ ಅತ್ತೆ ಸೋಫಾ ಬಿಟ್ಟು ನನ್ನ ಪಕ್ಕ ಮಣೆ ಹಾಕಿಕೊಂಡರು. ಇವರ ಬೆರಳು ನನ್ನ ಭುಜಕ್ಕೆ ತಾಗಿದಾಗಲೆಲ್ಲ ಅವರು ಬತ್ತಿ ಹೊಸೆಯುವುದು ನಿಲ್ಲಿಸಿ, ನನ್ನ ಭುಜ ಮುಟ್ಟಿ, ತಮ್ಮ ಕಣ್ಣಿಗೊತ್ತಿಕೊಳ್ಳುವರು. ಮಗನ ಬದಲಿಗೆ. ಬೇಡ ಅತ್ತೆ, ನೀವು ದೊಡ್ಡವರು, ನನಗೆ ಪಾಪ ಬರುತ್ತದೆ ಎಂದೆ. ಅವನು ಮಾಡುವುದನ್ನ ನಾನು ಮಾಡುತ್ತಿದ್ದೇನೆ, ನಿನಗೇನು ಎಂದರು. ಹೀಗೆ ಇಬ್ಬರ ಟ್ಯಾಂಕಿನಲ್ಲಿ ಮೂರನೆಯವರೊಬ್ಬರು ಹತ್ತಿಕೊಂಡರು.

ಉಸಿರಿನ ಮಾತು ಬಂದದ್ದು ಆಗ. ಮೊದಲು ಮಲಗುವಾಗ ಮುಖವಾಡದಂಥ ಒಂದು ಮೆಷಿನ್ನು ಹಾಕುತ್ತಿದ್ದರು. ಅದು ಸಾಲದಾಯಿತು. ಡಾಕ್ಟರು ಬಿಡಿಸಿ ಹೇಳಿದರು. ಗಂಟಲಿಗೆ ತೂತು ಮಾಡಿ ದೊಡ್ಡ ಮೆಷಿನ್ನಿಗೆ ಸೇರಿಸಿದರೆ ವರ್ಷಗಟ್ಟಲೆ ಇರಬಹುದು. ಆದರೆ ಕಾಲೂ ಹೋಗುತ್ತದೆ, ಕಣ್ಣಿನ ಅಲುಗಾಟವೂ ಹೋಗಬಹುದು, ಒಳಗೆ ಇವರೊಬ್ಬರೇ ಎಚ್ಚರವಾಗಿರುತ್ತಾರೆ. ಬೇಡವೆಂದರೆ ನೋವಾಗದ ಹಾಗೆ ನೋಡಿಕೊಳ್ಳುತ್ತೇವೆ. ಯಾವುದು ಬೇಕೆಂದು ಇವರೇ ಹೇಳಬೇಕು. ಇವರು ಹೇಳದಿದ್ದರೆ ನಾನು ಹೇಳಬೇಕು.

ಇವರು ಹೇಳಲಿಲ್ಲ. ಸೊಳ್ಳೆ ಕಚ್ಚುತ್ತಿದೆಯಾ, ದಿಂಬು ಸರಿಯಿದೆಯಾ, ಒಂದು ಚಮಚ ಕಾಫಿ ಕೊಡಲಾ, ಎಲ್ಲದಕ್ಕೂ ಥಟ್ಟನೆ ಕಣ್ಣಿನ ಉತ್ತರ. ಮೆಷಿನ್ ಎಂದರೆ ಮಾತ್ರ ಕಣ್ಣು ಟಿವಿಯ ಕಡೆಗೆ ಹೋಗುವುದು. ಅತ್ತೆಯ ಎದುರು ಕೇಳಿದರೂ ಅಷ್ಟೆ, ಅತ್ತೆ ಇಲ್ಲದಾಗ ಕೇಳಿದರೂ ಅಷ್ಟೆ. ಅತ್ತೆ ನನ್ನ ಕೈ ಹಿಡಿದು, ಮೆಷಿನ್ ಹಾಕಿಸಮ್ಮ, ಉಸಿರಾಡ್ಕೊಂಡಿರ್ಲಿ, ಅಷ್ಟು ಸಾಕು ಎಂದರು. ನನಗೂ ಅದೇ ಬೇಕಿತ್ತು. ಅದನ್ನು ಮುಚ್ಚಿಡುವುದಿಲ್ಲ. ಹೇಗಾದರೂ ಸರಿ, ಆ ಕುರ್ಚಿಯಲ್ಲಿ ಇವರು ಇರಬೇಕು, ಬೆನ್ನ ಹಿಂದೆ ಇವರಿದ್ದಾರೆ ಎಂದು ನನಗೆ ಗೊತ್ತಿರಬೇಕು. ಒಳಗೆ ಇವರಿಗೆ ಹೇಗಿರುತ್ತದೆ ಎಂದು ಯೋಚಿಸಲು ಹೋದರೆ ತಲೆ ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಮನೆಗೆ ಬರುವ ನರ್ಸು ಇವರ ಎದೆ ನೋಡಿ, ಇನ್ನು ತಡ ಮಾಡುವ ಹಾಗಿಲ್ಲ, ನಾಳೆ ಡಾಕ್ಟರಿಗೆ ಒಂದು ಮಾತು ಹೇಳಿಬಿಡಿ ಎಂದು ಹೋದಳು. ಮಧ್ಯಾಹ್ನ ಎಂದಿನಂತೆ ಕೆಲಸಕ್ಕೆ ಕೂತೆವು. ಉಳಿದದ್ದು ಒಂದೇ, ಹಿಂದಿನ ಹ್ಯಾಂಡಲ್. ಗುಂಡುಪಿನ್ನನ್ನು ಎರಡು ಕಡೆ ಬಗ್ಗಿಸಿ, ಹಿಡಿಯುವ ಜಾಗಕ್ಕೆ ತೆಳ್ಳಗೆ ಕಾಗದ ಸುತ್ತಿ ಮಾಡಿದ್ದೆ. ಚಿಮಟದಲ್ಲಿ ಅದನ್ನು ಹಿಡಿದುಕೊಂಡೆ. ಟಿವಿಯಲ್ಲಿ ಅದು ನಿಜವಾದ ಹ್ಯಾಂಡಲಿನ ಹಾಗೇ ಕಾಣುತ್ತಿತ್ತು, ಯಾರಾದರೂ ಬಂದು ಒಂದು ಸುತ್ತು ತಿರುಗಿಸಿದರೆ ಎಂಜಿನ್ ಗುಡುಗುಡು ಅನ್ನಬೇಕು, ಹಾಗೆ.

ಹಿಂದಕ್ಕೆ ತಿರುಗಲಿಲ್ಲ. ತಿರುಗಿದರೆ ಕಣ್ಣು ತಪ್ಪಿಸುತ್ತಾರೆ ಎಂದು ಗೊತ್ತಿತ್ತು. "ರೀ, ಹ್ಯಾಂಡಲ್ ವಿಷ್ಯ ಅಲ್ಲ, ಮೆಷಿನ್ ವಿಷ್ಯ ಕೇಳ್ತಿದೀನಿ. ಮುಂದಕ್ಕೆ ಹೋಗೋಣ್ವಾ?"

ಮುಂದಕ್ಕೆ ಎಂದರೆ ಬೆನ್ನಿಗೆ ಬೆರಳು. ನಾನು ಬೆನ್ನನ್ನು ಹಿಂದಕ್ಕೆ ತಂದು ಇವರ ಪಾದಕ್ಕೆ ಆನಿಸಿ ಕೂತೆ. ಎಷ್ಟು ಆನಿಸಿದ್ದೆನೆಂದರೆ, ಉಸಿರಾಟಕ್ಕೆ ಕಾಲು ಅಲುಗಿದರೂ ಸಾಕು, ಮುಂದಕ್ಕೆ ಎಂದೇ ತೆಗೆದುಕೊಳ್ಳಲು ಸಿದ್ಧಳಾಗಿದ್ದೆ. ಕಾಲು ಒತ್ತಲಿಲ್ಲ. ಪಕ್ಕದಲ್ಲಿ ಅತ್ತೆ ಬತ್ತಿ ಹೊಸೆಯುವುದು ನಿಂತಿತ್ತು.

ಆಮೇಲೆ ಅದು ಸರಿಯಿತು. ಬೆನ್ನಿನಿಂದ ಮೇಲಕ್ಕೆ, ಭುಜದ ಕಡೆಗೆ. ಎಡಕ್ಕಾ ಎಂದೆ. ಅಲ್ಲಿ ನಿಲ್ಲಲಿಲ್ಲ. ಭುಜದಿಂದ ಕತ್ತಿಗೆ ಬಂತು, ಕತ್ತಿನಲ್ಲಿ ಸಿಕ್ಕಿಕೊಂಡಿತು. ಕಿವಿಯ ಹಿಂದೆ ಹೆಬ್ಬೆರಳು ಹತ್ತಲು ನೋಡುವುದು, ಜಾರುವುದು. ಇವರು ಉಬ್ಬಸಪಡುವುದು ನನಗೆ ಕೇಳುತ್ತಿತ್ತು. ಇದೇನು ಮಾಡುತ್ತಿದ್ದಾರೆ, ಇಂಥ ಗುರುತು ನಮ್ಮಲ್ಲಿಲ್ಲವಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಗೊತ್ತಾಯಿತು. ತಲೆಗೆ ಮಾತ್ರ ಇಡಲ್ಲ ಎಂದವರು ತಲೆಗೆ ಇಡಲು ನೋಡುತ್ತಿದ್ದರು. ಮೇಲಕ್ಕೆತ್ತುವ ಶಕ್ತಿ ಕಾಲಿನಲ್ಲಿರಲಿಲ್ಲ.

ನಾನು ನೆಟ್ಟಗೆ ಕೂತಿದ್ದೆ. ಹಾಗೇ ನೆಟ್ಟಗೆ ಕೂತಿದ್ದರೆ ಆ ಕಾಲು ಎಂದಿಗೂ ನನ್ನ ತಲೆ ಮುಟ್ಟುತ್ತಿರಲಿಲ್ಲ. ಸುಸ್ತಾಗಿ ಕೆಳಗೆ ಜಾರುತ್ತಿತ್ತು, ಜಾರುವಾಗ ಬೆನ್ನಿಗೆ ತಾಗುತ್ತಿತ್ತು. ಬೆನ್ನಿಗೆ ತಾಗಿತು, ಮುಂದಕ್ಕೆ ಎಂದರು ಎಂದು ನಾನು ನಾಳೆ ಹೇಳಬಹುದಿತ್ತು. ಅತ್ತೆಯೂ ಹೌದು ಎನ್ನುತ್ತಿದ್ದರು. ಹ್ಯಾಂಡಲ್ ಹಿಡಿದ ಚಿಮಟ ಟಿವಿಯಲ್ಲಿ ದೊಡ್ಡದಾಗಿ ಕಾಣುತ್ತಿತ್ತು.

ಚಿಮಟವನ್ನು ಮೇಜಿನ ಮೇಲಿಟ್ಟೆ. ಬೆನ್ನು ಕುಗ್ಗಿಸಿ, ಕೂತಲ್ಲೇ ಕೆಳಕ್ಕೆ ಜಾರಿದೆ, ತಲೆ ಇವರ ಪಾದದ ಕೆಳಗೆ ಬರುವಷ್ಟು. ಪಾದ ತಲೆಯ ಮೇಲೆ ಬಂದು ಕೂತಿತು, ಅಲ್ಲಿಂದ ಅಲುಗಲಿಲ್ಲ. ಹೂಂ ರೀ, ಗೊತ್ತಾಯ್ತು ಎಂದೆ.

ಅತ್ತೆ ಮಡಿಲಿನ ಬತ್ತಿಗಳನ್ನು ನೆಲದ ಮೇಲಿಟ್ಟರು. ನನ್ನ ಹತ್ತಿರ ಸರಿದು, ಮಗನ ಪಾದದ ಪಕ್ಕದಲ್ಲೇ ನನ್ನ ತಲೆಯನ್ನು ಮುಟ್ಟಿ, ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಹಾಗೇ ಕೂತರು. ಕಾಲು ಅಷ್ಟು ಹೊತ್ತೂ ನನ್ನ ತಲೆಯ ಮೇಲೇ ಇತ್ತು. ಅದಕ್ಕೆ ಭಾರವೇ ಇರಲಿಲ್ಲ.